ನಾನು ತಪ್ಪಾಗಿ ಓದಿ ಹೇಳಿದ ಶಬ್ದ

ಮಾಂಟ್ ಕಿಯಾರಾ, ಕ್ವಾಲಾಲಂಪುರ

ಪ್ರೀತಿಯ ಅಕ್ಕಾ,

ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ. ಸುಳ್ಯದ ರಬ್ಬರ್ ಕಾಲೊನಿಯ ನಿಮ್ಮ ಮನೆಗೆ 1995ರ ಮಳೆಗಾಲ ಮುಗಿಯುವಾಗ ಬೀಗ ಬಿದ್ದಿತ್ತು. ತಿರುಪ್ಪೂರಿನ ಬನಿಯನ್ ಕಂಪೆನಿಗೆ ಹೋದರು ಎಂದರು ಕೆಲವರು. ಕೊಯಮತ್ತೂರಿನಲ್ಲಿ ತಮ್ಮನ ಮನೆ ಸೇರಿದರು ಎಂದರು ಇನ್ನು ಕೆಲವರು. ಎಂಜಿನಿಯರಿಂಗ್ ಮುಗಿಸಿ ಊರಿಗೆ ಬಂದಾಗ ಒಮ್ಮೆ ಕಾಲೊನಿಗೆ ಹೋಗಿ ಕೇಳಿದೆ. ಅಷ್ಟರಲ್ಲಿ ನಿಮ್ಮ ಪಕ್ಕದ ಮನೆಯವರೂ ಬದಲಾಗಿದ್ದರು. ಹಾಗಾಗಿ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ. ಯಾರ ಕೈಗಾದರೂ ಸಿಕ್ಕಿ, ಅವರು ನಿಮಗೆ ಓದಿ ಹೇಳಿಯಾರೆಂಬ ಆಸೆ. ಹೇಳುವವರು ನನ್ನ ಹಾಗೆ ತಪ್ಪಾಗಿ ಓದದಿರಲಿ.

ನಮ್ಮ ತೋಟದ ರಬ್ಬರ್ ಕೆತ್ತಲು ಬರುತ್ತಿದ್ದ ನಿಮ್ಮನ್ನು ನಮ್ಮ ಮನೆಯಲ್ಲಿ ಎಲ್ಲರೂ ಏಕವಚನದಲ್ಲಿ ಕರೆಯುತ್ತಿದ್ದರು. ನಿಮ್ಮ ಅರ್ಧದಷ್ಟೂ ವಯಸ್ಸಾಗದಿದ್ದ ನಾನೂ ಹಾಗೇ ಕರೆಯುತ್ತಿದ್ದೆ. ನೀವು ಮಾತ್ರ ನನ್ನನ್ನು 'ತಂಬಿ' ಎನ್ನುತ್ತಿದ್ದಿರಿ. ಈ ಕಾಗದದಲ್ಲಿ ನಿಮಗೆ ಬಹುವಚನ. ಮೂವತ್ತು ವರ್ಷ ತಡವಾಯಿತು.

ನಾನೀಗ ಮಲೇಷ್ಯಾದಲ್ಲಿದ್ದೇನೆ. ಮಾಂಟ್ ಕಿಯಾರಾ ಎಂಬ ಈ ಜಾಗದ ತುಂಬ ಎತ್ತರದ ಕಾಂಡೋಮಿನಿಯಂಗಳು. ಜಪಾನಿನವರು, ಕೊರಿಯಾದವರು, ನಮ್ಮ ಕಡೆಯವರು ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತೇವೆ. ನನ್ನ ಬಾಲ್ಕನಿಯಿಂದ ನೋಡಿದರೆ ಹೆದ್ದಾರಿಯಾಚೆ ಒಂದು ಹಸಿರು ಗುಡ್ಡ, ಬುಕಿತ್ ಕಿಯಾರಾ. ಅದು ಒಂದು ಕಾಲಕ್ಕೆ ರಬ್ಬರ್ ತೋಟವಾಗಿತ್ತು ಅಕ್ಕಾ. ನಿಮ್ಮ ಹಿರಿಯರು ತಮಿಳುನಾಡಿನಿಂದ ಸಿಲೋನಿನ ಎಸ್ಟೇಟಿಗೆ ಹೋದ ಹಾಗೆ, ಅಂಥವೇ ಊರುಗಳಿಂದ ಹಡಗು ಹತ್ತಿ ಮಲಯಾದ ತೋಟಗಳಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಮರ ಕೆತ್ತುತ್ತಿದ್ದರು. 1980ರ ದಶಕದ ಮೊದಲಲ್ಲಿ ತೋಟ ಸರಕಾರದ ಪಾಲಾದಾಗ ಅವರನ್ನು ಸದ್ಯಕ್ಕೆಂದು ಸಾಲು ಮನೆಗಳಿಗೆ ಸಾಗಿಸಿದರು. 'ರುಮಾ ಪಾಂಜಾಂಗ್' ಅನ್ನುತ್ತಾರೆ, ಉದ್ದಮನೆ. ಸದ್ಯಕ್ಕೆಂದದ್ದು ದಶಕಗಳಾದವು. ಅವರಿಗೆ ಕಟ್ಟಿಕೊಡಬೇಕಿದ್ದ ಮನೆಗಳ ಮಾತು ಪಕ್ಕದ ಉದ್ಯಾನದ ಜಾಗದ ವ್ಯಾಜ್ಯದೊಳಗೆ ಸಿಕ್ಕಿಕೊಂಡಿತು. ಆ ವ್ಯಾಜ್ಯ 2023ರ ಏಪ್ರಿಲ್‌ನಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ, ತೀರ್ಪು ಉದ್ಯಾನದ ಪರವಾಗಿ ಬಂತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಲ್ಲಿ 5,25,000 ಜನರ ಲೆಕ್ಕದೊಳಗೆ ನಿಮ್ಮನ್ನೂ ಸೇರಿಸಿ ಸಿಲೋನಿನಿಂದ ಭಾರತಕ್ಕೆ ಕಳಿಸಿದರಲ್ಲ, ಆಮೇಲೆ ಸುಳ್ಯದ ಕಾಡಂಚಿನಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರಿಗೆ ಆಳಾಗಿ ತಂದಿಟ್ಟರಲ್ಲ, ಅದನ್ನು ನೀವು ಹೇಳುತ್ತಿದ್ದ ದನಿಯಲ್ಲೇ ಇಲ್ಲಿಯ ಕತೆಯೂ ನನ್ನ ಕಿವಿಗೆ ಬೀಳುತ್ತದೆ.

ಗುಡ್ಡದಲ್ಲಿ ಹಳೆಯ ರಬ್ಬರ್ ಮರಗಳು ಇನ್ನೂ ಇವೆ. ಕಾಡಿನೊಳಗೆ ಕಾಡಾಗಿ ಬೆಳೆದಿವೆ. ಬೆನ್ನು ಸರಿ ಇದ್ದಾಗ ವಾರಕ್ಕೆರಡು ಸಲ ಅಲ್ಲಿ ನಡೆಯುತ್ತಿದ್ದೆ. ಕಾಯಿ ಸಿಡಿಯುವ ಕಾಲದಲ್ಲಿ ಆ ಟಪ್ ಸದ್ದು ಕೇಳಿದರೆ ನಾನು ಸುಳ್ಯದಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಬೀಜವನ್ನು ಸಿಮೆಂಟ್ ನೆಲಕ್ಕೆ ತಿಕ್ಕಿ ಬಿಸಿ ಮಾಡಿ ನಿಮ್ಮ ಕೈಗೆ ಒತ್ತುತ್ತಿದ್ದೆ, ನೆನಪಿದೆಯಾ?

ಈಗ ನಡೆಯುವುದಿಲ್ಲ. ಹದಿನೆಂಟು ವಾರದ ಹಿಂದೆ, ಬೆಳಿಗ್ಗೆ ಆರೂಕಾಲಕ್ಕೆ, ಮಗಳ ಸ್ಕೂಲ್ ಬ್ಯಾಗ್ ಎತ್ತಲು ಬಗ್ಗಿದೆ. ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಮೂರನೆಯ ದಿನ ನೋವು ಸೊಂಟ ಬಿಟ್ಟು ಕಾಲಿಗೆ ಇಳಿಯಿತು. ಎಡ ಕುಂಡೆಯಿಂದ ತೊಡೆಯ ಹೊರಬದಿ, ಅಲ್ಲಿಂದ ಮೀನಖಂಡದ ಪಕ್ಕ, ಕೊನೆಗೆ ಹೆಬ್ಬೆರಳು. ಕೆಮ್ಮಿದರೆ ಮಿಂಚು ಹೊಡೆದ ಹಾಗೆ. ಕುಳಿತರೆ ಸಾಯುವಷ್ಟು, ನಿಂತರೆ ಸ್ವಲ್ಪ ಕಡಿಮೆ. ನೀವು ನಮ್ಮ ಅಂಗಳದ ಕಟ್ಟೆಯಲ್ಲಿ ಒಂದು ಬದಿಗೆ ವಾಲಿ ಕುಳಿತು "ಕಾಲೊಳಗೆ ಕರೆಂಟು, ತಂಬಿ" ಎಂದದ್ದು ಆ ರಾತ್ರಿ ನನಗೆ ಅರ್ಥವಾಯಿತು. ಅಲ್ಲಿಯವರೆಗೆ ಅದು ನನಗೆ ಬರೀ ಮಾತಾಗಿತ್ತು.

ಎಂಆರ್‌ಐ ಆಯಿತು. ರಿಪೋರ್ಟ್ ಫೋನಿಗೆ ಬಂತು. ನಾಲ್ಕನೆಯ ಮತ್ತು ಐದನೆಯ ಸೊಂಟದ ಮೂಳೆಗಳ ನಡುವಿನ ಡಿಸ್ಕ್, ಎಲ್4–ಎಲ್5. ನಿಮ್ಮದೂ ಅದೇ ಆಗಿತ್ತು. ಆ ಎರಡು ಅಕ್ಷರ, ಎರಡು ಅಂಕಿ ಕಂಡ ಕೂಡಲೇ 1993 ನನ್ನ ಮುಂದೆ ಬಂದು ನಿಂತಿತು.

ನಿಮಗೆ ಆ ದಿನ ಮರೆತಿರಲಿಕ್ಕಿಲ್ಲ. ಮಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿಗೆ ಮದ್ದು ಚುಚ್ಚಿ ಎಕ್ಸ್‌ರೇ ತೆಗೆದಿದ್ದರು. ಟೈಪ್ ಮಾಡಿದ ಇಂಗ್ಲಿಷ್ ಕಾಗದವನ್ನು ಕವರಿನಲ್ಲಿ ಮಡಚಿ ತಂದಿದ್ದಿರಿ. ಡಾಕ್ಟರು ಏನು ಹೇಳಿದರು ಎಂದರೆ "ಆಪರೇಷನ್ ಅಂದ್ರು, ಬೇಗ ಬೇಗ ಮಾತಾಡಿದ್ರು" ಎಂದಿರಿ. ಮನೆಯಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ, ಒಂಬತ್ತನೇ ಕ್ಲಾಸು. ಅಪ್ಪ ಜಗಲಿಯಲ್ಲಿ ಕುಳಿತು ಓದು ಎಂದರು. ಅದರಲ್ಲಿ 'ಲ್ಯಾಮಿನೆಕ್ಟಮಿ' ಎಂದಿತ್ತು. ನನಗೆ ಗೊತ್ತಿರಲಿಲ್ಲ. ಡಿಕ್ಷನರಿಯಲ್ಲಿ ಹುಡುಕಿದೆ, ಆ ಸಣ್ಣ ಡಿಕ್ಷನರಿಯಲ್ಲಿ ಅದಿರಲಿಲ್ಲ. ಅದರ ಹತ್ತಿರದಲ್ಲೇ 'ಲೇಮ್' ಸಿಕ್ಕಿತು. ಲೇಮ್ ಎಂದರೆ ಕುಂಟ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು ಅಕ್ಕಾ. ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಆಪರೇಷನ್ ಮಾಡಿದ್ರೆ ಕಾಲು ಕುಂಟ ಆಗ್ತದೆ ಅಂತ ಬರ್ದಿದ್ದಾರೆ" ಎಂದು ಹೇಳಿಬಿಟ್ಟೆ.

ಅಪ್ಪ ಆಗ ಅಂದದ್ದೂ ನೆನಪಿದೆ. "ಆಪರೇಷನ್ ಗೀಪರೇಷನ್ ಎಲ್ಲ ಬೇಡ ಮಾರಾಯ್ತಿ. ಬೆನ್ನಿಗೆ ಕತ್ತಿ ಹಾಕಿದ ಮೇಲೆ ಬಗ್ಗಿ ಕೆಲಸ ಮಾಡ್ಲಿಕ್ಕೆ ಉಂಟಾ? ಎಣ್ಣೆ ಹಾಕು, ನಾಲ್ಕು ದಿನ ಬಿಟ್ಟು ಬಾ." ಅವರು ಕೆಟ್ಟವರಲ್ಲ. ಆದರೆ ನಮ್ಮ ಮುನ್ನೂರು ಮರಕ್ಕೆ ಬೇರೆ ಟ್ಯಾಪರ್ ಸಿಗುತ್ತಿರಲಿಲ್ಲ ಎಂಬುದೂ ಆ ಮಾತಿನೊಳಗೆ ಇತ್ತು. ಈಗ ಅವರೂ ಇಲ್ಲ. ಇದ್ದಿದ್ದರೆ ಅವರ ಎದುರಿಗೇ ಇದನ್ನು ಹೇಳುತ್ತಿದ್ದೆ. ಎಣ್ಣೆ ಹಾಕಿಸಿದರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆಂದು ಯಾರೋ ಹೇಳಿದ್ದಕ್ಕೆ, ನಿಮ್ಮ ಸೊಂಟಕ್ಕೆ ಒದೆಸಿಯೂ ಆಯಿತು. ನೀವು ಹಲ್ಲು ಕಚ್ಚಿ ಸುಮ್ಮನಿದ್ದಿರಿ.

ಆಗ ಹೇಳಬೇಕಾಗಿದ್ದನ್ನು ಈಗ ಹೇಳುತ್ತೇನೆ. ಲ್ಯಾಮಿನಾ ಎಂದರೆ ಬೆನ್ನುಮೂಳೆಯ ಹಿಂಬದಿಯಲ್ಲಿರುವ ತೆಳು ತಗಡಿನಂಥ ಎಲುಬು. ನರಗಳು ಹಾದು ಹೋಗುವ ಕಾಲುವೆಗೆ ಅದು ಮಾಡಿನ ಹಂಚಿದ್ದ ಹಾಗೆ. ಎಕ್ಟಮಿ ಎಂದರೆ ತೆಗೆಯುವುದು. ಹಂಚು ಸರಿಸಿ, ಒಳಗೆ ನರದ ಮೇಲೆ ಕುಳಿತ ತುಣುಕನ್ನು ತೆಗೆಯುವುದು. ಅಷ್ಟೇ ಆ ಶಬ್ದ. ಕುಂಟು ಅದರಲ್ಲೆಲ್ಲೂ ಇಲ್ಲ.

ಡಿಸ್ಕ್ ಜಾರುತ್ತದೆ ಎನ್ನುತ್ತೇವೆ. ಜಾರುವುದಿಲ್ಲ. ಎರಡು ಮೂಳೆಗಳ ನಡುವೆ ಅದು ಬಲವಾಗಿ ಅಂಟಿಕೊಂಡೇ ಇರುತ್ತದೆ. ಹೊರಗೆ ಈರುಳ್ಳಿಯ ಹಾಗೆ ಪದರ ಪದರವಾಗಿ ಗಟ್ಟಿ ನಾರು, ನಡುವೆ ಗೆರಟೆಯಲ್ಲಿ ಅರ್ಧ ಹೆಪ್ಪುಗಟ್ಟಿದ ರಬ್ಬರ್ ಹಾಲಿನಂಥ ತಿರುಳು. ನಾರು ಹಿಂಬದಿಯಲ್ಲಿ ಸೀಳಿದಾಗ ತಿರುಳು ಹೊರಗೆ ಬಂದು ನರಕ್ಕೆ ತಾಗುತ್ತದೆ. ಒತ್ತುವುದು ಒಂದು, ಉರಿಯೂತ ಎಬ್ಬಿಸುವುದು ಇನ್ನೊಂದು. ಕಾಲಿಗೆ ಹೋಗುವ ನರವಾದ್ದರಿಂದ ಸೊಂಟದಲ್ಲಿ ಆದ ಗಾಯ ಕಾಲಿನಲ್ಲಿ ಉರಿಯುತ್ತದೆ.

ನಾನು ಇಲ್ಲಿ ಮಲಗಿ ಓದುತ್ತಿದ್ದಾಗ ಒಂದು ವಿಷಯಕ್ಕೆ ಬಂದು ನಿಂತೆ. ಅಲ್ಲಿಂದ ಮುಂದೆ ಹೋಗಲು ಎರಡು ದಿನ ಆಗಲಿಲ್ಲ. ನೀವು ನಾಲ್ಕೂವರೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಿದ್ದುದು ಯಾಕೆಂದು ನಿಮಗೇ ಚೆನ್ನಾಗಿ ಗೊತ್ತು. ರಾತ್ರಿಯಿಡೀ ಎಲೆಗಳಿಂದ ನೀರು ಆರದೆ ತೊಗಟೆಯೊಳಗಿನ ಹಾಲಿನ ನಾಳಗಳು ತುಂಬಿ ಬಿಗಿದಿರುತ್ತವೆ. ಬಿಸಿಲೇರಿದರೆ ಬಿಗಿ ಇಳಿದು ಹಾಲು ನಿಲ್ಲುತ್ತದೆ. ಬೆನ್ನಿನ ಡಿಸ್ಕ್ ಕೂಡ ಹಾಗೆಯೇ ಅಕ್ಕಾ. ಅದಕ್ಕೆ ತನ್ನದೇ ರಕ್ತನಾಳ ಇಲ್ಲವೆನ್ನುವಷ್ಟು ಕಡಿಮೆ. ನಾವು ಮಲಗಿದಾಗ ಅದು ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ಏಳುವಾಗ ನಾವು ಸಂಜೆಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಿರುತ್ತೇವೆ. ಎದ್ದ ಮೊದಲ ಒಂದು ಗಂಟೆಯಲ್ಲೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದುಬಿಡುತ್ತದೆ. ಉಬ್ಬಿದ ಡಿಸ್ಕ್ ಬಗ್ಗಲು ಒಪ್ಪುವುದಿಲ್ಲ. ಇಂಗ್ಲೆಂಡಿನ ಸಂಶೋಧಕರು 1987ರಲ್ಲೇ ಅಳೆದು ಹೇಳಿದ್ದರು: ಬೆಳ್ಳಂಬೆಳಿಗ್ಗೆ ಮುಂದಕ್ಕೆ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ದಿನದ ಉಳಿದ ಹೊತ್ತಿಗಿಂತ ಸುಮಾರು ಶೇ. 300 ಹೆಚ್ಚು. 1998ರಲ್ಲಿ ಅಮೆರಿಕದಲ್ಲಿ, ಬಹುಕಾಲದ ಸೊಂಟನೋವಿನವರಿಗೆ ಬೆಳಗಿನ ಮೊದಲ ಗಂಟೆಗಳಲ್ಲಿ ಬಗ್ಗಬೇಡಿ ಎಂದಷ್ಟೇ ಹೇಳಿ ನೋಡಿದರು. ನೋವು ಕಡಿಮೆಯಾಯಿತು. ಡಿಸ್ಕ್ ಒಡೆದವರ ಮೇಲೆ ಮಾಡಿದ ಪ್ರಯೋಗವಲ್ಲ ಅದು, ನಿಜ. ಆದರೂ ನನ್ನ ಕಣ್ಣಿಗೆ ಬಂದದ್ದು ನಮ್ಮ ತೋಟ. ಹಳೆಯ ಮರಗಳು ಅವು. ವರ್ಷ ವರ್ಷ ಕೆತ್ತಿ ಪಟ್ಟಿ ಮೊಣಕಾಲಿನ ಕೆಳಗೆ ಇಳಿದಿತ್ತು. ಮರ ತುಂಬಿ ಬಿಗಿದಿರುವ ಹೊತ್ತೇ ನಿಮ್ಮ ಬೆನ್ನು ತುಂಬಿ ಬಿಗಿದಿರುವ ಹೊತ್ತು. ಆ ಹೊತ್ತಿನಲ್ಲಿ ನೀವು ಮುನ್ನೂರು ಸಲ ಬಗ್ಗುತ್ತಿದ್ದಿರಿ. ಹೊತ್ತೇರಿದ ಮೇಲೆ ಮತ್ತೆ ಮುನ್ನೂರು ಸಲ ಹಾಲು ಸುರಿದುಕೊಳ್ಳಲು. ನಾನು ಒಂದು ಸಲ ಸ್ಕೂಲ್ ಬ್ಯಾಗ್ ಎತ್ತಲು ಬಗ್ಗಿದವನು.

ಆಪರೇಷನ್ ಮಾಡಿಸುವುದೋ ಬೇಡವೋ ಎಂದು ನಾನು ಹದಿನೆಂಟು ವಾರ ತೂಗಿದೆ. ತೂಗಲು ನನಗೆ ಸಮಯವಿತ್ತು, ಸಂಬಳ ಬರುತ್ತಿತ್ತು, ಎರಡು ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರನ್ನು ಕೇಳಲು ದುಡ್ಡಿತ್ತು. ನಿಮಗೆ ಇದರಲ್ಲಿ ಯಾವುದೂ ಇರಲಿಲ್ಲ. ಹಾಗಾಗಿ ನನಗೆ ತಿಳಿದದ್ದನ್ನೆಲ್ಲ ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಡಾಕ್ಟರು ಸ್ಕ್ಯಾನ್ ಚಿತ್ರ ನೋಡಿದೊಡನೆ ಮುಂದಿನ ವಾರವೇ ಮಾಡೋಣ ಎಂದರು. ಚಿತ್ರ ನೋಡಿ ನನಗೂ ಹೆದರಿಕೆಯಾಗಿತ್ತು. ಆಮೇಲೆ ತಿಳಿಯಿತು: 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಎಂಆರ್‌ಐ ಮಾಡಿದರೆ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿಕೊಂಡಿತ್ತು. ನೂರಕ್ಕೆ 27 ಮಂದಿಯಲ್ಲಿ ಹೊರಚಾಚಿಯೇ ಇತ್ತು. ಅವರೆಲ್ಲ ಸುಖವಾಗಿ ಓಡಾಡುತ್ತಿದ್ದರು. ಚಿತ್ರದಲ್ಲಿ ಕಂಡದ್ದೂ ಕಾಲಿನಲ್ಲಿ ಉರಿಯುವುದೂ ಒಂದಕ್ಕೊಂದು ಹೊಂದಬೇಕು. ನನ್ನದು ಹೊಂದುತ್ತಿತ್ತು, ಬರೀ ಉಬ್ಬಲ್ಲ, ತಿರುಳು ನಾರು ದಾಟಿ ಹೊರಗೆ ಬಂದಿತ್ತು.

ಎರಡನೆಯವರು ಹಿರಿಯರು. ಅವರು ಚಿತ್ರವನ್ನು ಬದಿಗಿಟ್ಟು ನನ್ನನ್ನು ಹಿಮ್ಮಡಿಯ ಮೇಲೆ ನಡೆಸಿದರು. ಹೆಬ್ಬೆರಳು ಮೇಲಕ್ಕೆತ್ತಿ ಹಿಡಿ ಎಂದು ಹೇಳಿ ತಾವು ಕೆಳಗೆ ಒತ್ತಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: ಮೂತ್ರ ಸರಿಯಾಗಿ ಹೋಗುತ್ತಿದೆಯೇ? ಕುಳಿತುಕೊಳ್ಳುವ ಜಾಗ, ತೊಡೆಗಳ ಸಂದು ಮರಗಟ್ಟಿದೆಯೇ? ಹಾಗೇನಾದರೂ ಆದರೆ ರಾತ್ರಿಯಾದರೂ ಸರಿ, ಆ ಕ್ಷಣವೇ ಬರಬೇಕು. ಅಲ್ಲಿ ದಿನದ ಲೆಕ್ಕವಿಲ್ಲ, ಗಂಟೆಯ ಲೆಕ್ಕ ಎಂದರು.

ಈ ಪ್ರಶ್ನೆಗಳನ್ನು ನಿಮಗೆ ಯಾರಾದರೂ ಕೇಳಿದ್ದರೇ ಅಕ್ಕಾ? ನಮ್ಮ ಜಗಲಿಯಲ್ಲಿ, ಅಪ್ಪನ ಎದುರು, ಒಬ್ಬ ಹುಡುಗನಿಗೆ ನೀವು ಅಂಥದ್ದನ್ನು ಹೇಗೆ ಹೇಳುತ್ತಿದ್ದಿರಿ? ನಮ್ಮ ಅಮ್ಮನಿಗೂ ಕೇಳಬೇಕೆಂದು ತೋಚಲಿಲ್ಲ. ಯಾರ ಸೊಂಟವೇ ಆಗಲಿ, ಮನೆಯಲ್ಲಿ ಯಾರೇ ಹೀಗೆ ನರಳಲಿ, ಮೊದಲು ಕೇಳಬೇಕಾದದ್ದು ಇದನ್ನೇ ಎಂದು ಈ ಕಾಗದ ಓದುವ ಎಲ್ಲರಿಗೂ ಹೇಳುತ್ತೇನೆ. ನಾಚಿಕೆ ಪಡುವ ಮಾತಲ್ಲ. ಇಷ್ಟು ಗೊತ್ತಿದ್ದರೆ ಒಬ್ಬರ ಇಡೀ ಬಾಳು ಉಳಿಯಬಹುದು.

ಅದಿಲ್ಲವೆಂದಾದರೆ ಕಾಯಬಹುದು ಎಂದರು ಆ ಹಿರಿಯರು. ಯಾಕೆ ಕಾಯಬೇಕು? ಹೊರಬಿದ್ದ ತುಣುಕನ್ನು ದೇಹವೇ ತಿಂದು ಕರಗಿಸುತ್ತದಂತೆ. ಹೆಚ್ಚು ಹೊರಗೆ ಬಿದ್ದದ್ದು ಹೆಚ್ಚು ಕರಗುತ್ತದೆ, ಇದು ನನಗೆ ಬಹಳ ಬೆರಗು ಹುಟ್ಟಿಸಿತು. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2015ರಲ್ಲಿ ಲೆಕ್ಕ ತೆಗೆದಾಗ, ಪೂರ್ತಿ ಕಡಿದು ಬಿದ್ದ ತುಣುಕುಗಳಲ್ಲಿ ನೂರಕ್ಕೆ 96 ತಾವಾಗಿ ಕುಗ್ಗಿದ್ದವು. ನನ್ನದರಂತೆ ಕಡಿದು ಬೀಳದೆ ಹೊರಬಂದವು ನೂರಕ್ಕೆ 70. ಬರೀ ಉಬ್ಬಿದವು ಮಾತ್ರ 13.

ಹಾಗಾದರೆ ಕೊಯ್ಯುವುದು ಯಾಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಡಾಕ್ಟರರು ಕಾಲಿನ ಈ ಉರಿಗೆ ಒಡೆದ ಡಿಸ್ಕೇ ಕಾರಣ, ತೆಗೆದರೆ ಗುಣವಾಗುತ್ತದೆ ಎಂದು ಬರೆದದ್ದು 1934ರಲ್ಲಿ. ಅಲ್ಲಿಂದ ಐವತ್ತು ವರ್ಷ ಲಕ್ಷಾಂತರ ಬೆನ್ನು ಕೊಯ್ದರು. ಕೊಯ್ಯದೆ ಬಿಟ್ಟವರ ಜೊತೆ ಹೋಲಿಸಿ ನೋಡಿದವರು ಇಲ್ಲವೆನ್ನುವಷ್ಟು ಕಡಿಮೆ. ನಾರ್ವೆಯ ಹೆನ್ರಿಕ್ ವೇಬರ್ ನೋಡಿದರು. 126 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಹತ್ತು ವರ್ಷ ಅವರ ಬೆನ್ನು ಹಿಡಿದು ಹೋಗಿ, 1983ರಲ್ಲಿ ಬರೆದರು: ಒಂದು ವರ್ಷಕ್ಕೆ ಆಪರೇಷನ್ ಆದವರು ಎಷ್ಟೋ ಚೆನ್ನಾಗಿದ್ದರು, ಹತ್ತು ವರ್ಷಕ್ಕೆ ಇಬ್ಬರೂ ಸಮ. 2007ರಲ್ಲಿ ಹಾಲೆಂಡಿನವರು 283 ಜನರ ಮೇಲೆ ಮಾಡಿ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಬೇಗ ಆಪರೇಷನ್ ಮಾಡಿಸಿಕೊಂಡವರು ಬೇಗ ಚೇತರಿಸಿಕೊಂಡರು, ವರ್ಷದ ಕೊನೆಗೆ ಎರಡೂ ಕಡೆ ನೂರಕ್ಕೆ 95 ಮಂದಿ ಗುಣವಾಗಿದ್ದರು. ಕಾಯಲು ಹೇಳಿಸಿಕೊಂಡವರಲ್ಲಿ ನೂರಕ್ಕೆ 39 ಮಂದಿ ತಡೆಯಲಾರದೆ ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು ಎಂಬುದನ್ನೂ ಸೇರಿಸಿ ಓದಬೇಕು.

ಇದನ್ನೆಲ್ಲ ಓದಿ ನಾನು ಕಾಯುವುದೆಂದು ತೀರ್ಮಾನಿಸಿದೆ. ಹತ್ತು ವರ್ಷಕ್ಕೆ ಸಮ ಎನ್ನುವ ಮಾತು ನನಗೆ ಧೈರ್ಯ ಕೊಟ್ಟಿತು. ಆದರೆ ಅದು ನನ್ನಂಥವನ ಧೈರ್ಯ. ನಿಮ್ಮ ಪಾಲಿಗೆ ಆ ಮೊದಲ ವರ್ಷವೇ ಎಲ್ಲ ಆಗಿತ್ತು. ದಿನಗೂಲಿಯ ಮನೆಯಲ್ಲಿ ಒಂದು ವರ್ಷ ಮಲಗಿ ಕಾಯುವವರಾರು? ಲೆಕ್ಕದ ಹಾಳೆಯಲ್ಲಿ ಹತ್ತನೆಯ ವರ್ಷ ಸಮ ಬರುವಷ್ಟರಲ್ಲಿ ನಿಮ್ಮ ಮನೆಗೆ ಬೀಗ ಬಿದ್ದು ಎಷ್ಟು ಕಾಲವಾಗಿತ್ತು.

ಕಾಯುವಾಗ ಮಾಡಿದ್ದೆಲ್ಲ ನಿಮಗೆ ಗೊತ್ತಿರುವಂಥದ್ದೇ. ಮಾತ್ರೆ, ಫಿಸಿಯೋಥೆರಪಿ, ನರದ ಪಕ್ಕ ಒಂದು ಇಂಜೆಕ್ಷನ್. ಊರಿಂದ ಬಂದ ತೈಲ. ಇಲ್ಲಿಯ ಮಲಯ್ ಜನ ಸೊಂಟನೋವಿಗೆ 'ಸಾಕಿತ್ ಪಿಂಗ್ಗಾಂಗ್' ಎನ್ನುತ್ತಾರೆ. ನಮ್ಮಲ್ಲಿ ತಿಕ್ಕುವವರಿದ್ದ ಹಾಗೆ ಇಲ್ಲಿ ಉರುತ್ ಮಾಡುವವರಿದ್ದಾರೆ. ಕಟ್ಟಡದ ಸೆಕ್ಯುರಿಟಿಯವರು ಪ್ರೀತಿಯಿಂದ ಒಬ್ಬರ ಹೆಸರು ಹೇಳಿದರು. ನಿಮಗೆ ಒದೆಸಿದ್ದು ನೆನಪಾಗಿ ನಾನು ಹೋಗಲಿಲ್ಲ. ವಿಮೆಯ ವಿಷಯ ಮಾತ್ರ ಮನಸ್ಸಿಗೆ ಬಹಳ ಬೇಸರ ತಂದಿತು. ಆಸ್ಪತ್ರೆಗೆ ಸೇರಿ ಕೊಯ್ಸಿಕೊಂಡರೆ 'ಜಿಎಲ್' ಎಂಬ ಖಾತರಿ ಪತ್ರ ಗಂಟೆಗಳಲ್ಲಿ ಬರುತ್ತದೆ, ಸಾವಿರಾರು ರಿಂಗಿಟ್ ಅವರೇ ಕಟ್ಟುತ್ತಾರೆ. ಕೊಯ್ಸಿಕೊಳ್ಳದೆ ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಹೋದರೆ ನನ್ನ ಪಾಲಿಸಿಯಲ್ಲಿ ಒಂದು ರಿಂಗಿಟ್ಟೂ ಇಲ್ಲ. ಕಾಯುವವನಿಗೆ ಶಿಕ್ಷೆ, ಅವಸರದವನಿಗೆ ಬಹುಮಾನ. ಬೆನ್ನಿನ ತೀರ್ಮಾನವನ್ನು ಹೀಗೆ ತೂಕ ತಪ್ಪಿಸುವುದು ಸರಿಯಲ್ಲ.

ಒಂದು ಸಣ್ಣ ವಿಷಯ, ನಿಮಗೆ ಇಷ್ಟವಾದೀತು. ನಿಮ್ಮ ಮನೆ ಹಿಂದೆ ಪಪ್ಪಾಯಿ ಗಿಡವಿತ್ತಲ್ಲ, ಎಳೆಕಾಯಿ ಹಾಕಿ ಮಾಂಸ ಬೇಯಿಸುತ್ತಿದ್ದಿರಿ. ಆ ಕಾಯಿಯ ಹಾಲಿನಿಂದ ತೆಗೆದ ಕೈಮೊಪಪೈನ್ ಎಂಬ ಮದ್ದನ್ನು ಡಿಸ್ಕಿಗೇ ಚುಚ್ಚಿ ತಿರುಳು ಕರಗಿಸುತ್ತಿದ್ದ ಕಾಲವೊಂದಿತ್ತು. 1960ರ ದಶಕದಲ್ಲಿ ಶುರುವಾಗಿ 1982ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಕೆಲವರಿಗೆ ಮೈಗೊಗ್ಗದೆ, ಕೆಲವರಿಗೆ ನರಕ್ಕೆ ಅಪಾಯವಾಗಿ, 2003ರ ಹೊತ್ತಿಗೆ ಅಲ್ಲಿ ನಿಂತೇಹೋಯಿತು. ಇಲ್ಲಿ ದಿನಾ ಬೆಳಿಗ್ಗೆ ತಟ್ಟೆಗೆ ಪಪ್ಪಾಯಿ ಬರುತ್ತದೆ, 'ಬೆತಿಕ್' ಅನ್ನುತ್ತಾರೆ. ತಿನ್ನುವಾಗ ನಿಮ್ಮ ಹಿತ್ತಲು ನೆನಪಾಗುತ್ತದೆ.

ಕಾಯುತ್ತ ಕಾಯುತ್ತ ಹನ್ನೆರಡು ವಾರಕ್ಕೆ ಅರ್ಧ ಕಡಿಮೆಯಾದದ್ದು ಅಲ್ಲಿಂದ ಮುಂದೆ ಇಳಿಯಲಿಲ್ಲ. ಹದಿನಾರು ಆಯಿತು, ಹದಿನೆಂಟಾಯಿತು. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗುವುದಿಲ್ಲ. ಕಾಯುವುದಕ್ಕೂ ಒಂದು ಕೊನೆ ಇರಬೇಕೆಂದು ಮತ್ತೆ ಹುಡುಕಿದಾಗ ಸಿಕ್ಕಿದ್ದು ಕೆನಡಾದ ಒಂಟಾರಿಯೋದಲ್ಲಿ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ. ನಾಲ್ಕು ತಿಂಗಳಿಂದ ಒಂದು ವರ್ಷದವರೆಗೆ ನೋವು ಉಳಿದೇಹೋದ 128 ಜನ. ಆರು ತಿಂಗಳ ನಂತರ, ಹತ್ತರ ಅಳತೆಯಲ್ಲಿ, ಆಪರೇಷನ್ ಆದವರ ಕಾಲುನೋವು 2.8, ಆಗದವರದು 5.2. ನನ್ನಂಥವರೇ ಅವರು. ಮೊದಲ ವಾರಗಳಲ್ಲಿ ಕೇಳಿದ ಪ್ರಶ್ನೆಗೆ ಒಂದು ಉತ್ತರ, ಐದನೆಯ ತಿಂಗಳಲ್ಲಿ ಕೇಳಿದರೆ ಬೇರೆ ಉತ್ತರ.

ಇದಕ್ಕಿಂತ ಮುಖ್ಯವಾದದ್ದು ಹೆಬ್ಬೆರಳು. ದಿನಾ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕುಳಿತು ಎರಡೂ ಹೆಬ್ಬೆರಳು ಎತ್ತಿ ನೋಡುತ್ತಿದ್ದೆ. ಎಡಗಡೆಯದು ಮೊದಲಿಂದಲೂ ಒಂದಿಷ್ಟು ಸೋತಿತ್ತು, ಆದರೆ ಸೋತಷ್ಟಕ್ಕೇ ನಿಂತಿತ್ತು. ಹೋದ ವಾರ ಅಡುಗೆಮನೆಯ ಟೈಲಿನ ಮೇಲೆ ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ತಿರುಗಿ ಹಾಕಿಕೊಂಡೆ. ಮತ್ತೆ ಕಳಚಿತು.

ನಿಮ್ಮ ಹವಾಯಿ ಚಪ್ಪಲಿ ಅಕ್ಕಾ. 1994ರ ಮಳೆಗಾಲದಲ್ಲಿ ನಿಮ್ಮ ಎಡಪಾದ ಎತ್ತಲಾಗದೆ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತಿತ್ತು. ಮರದ ಗೀರಿನ ಮೇಲೆ ಒಣಗಿದ ರಬ್ಬರ್ ದಾರವನ್ನು ಸುಲಿದು ತೆಗೆದು ಪಾದಕ್ಕೂ ಚಪ್ಪಲಿಗೂ ಸುತ್ತಿ ಕಟ್ಟಿಕೊಳ್ಳುತ್ತಿದ್ದಿರಿ. ನಡೆದರೆ ಪಟ್, ಪಟ್ ಎಂದು ಪಾದ ನೆಲಕ್ಕೆ ಬಡಿಯುವ ಸದ್ದು. ಕತ್ತಲಲ್ಲಿ ಆ ಸದ್ದು ಕೇಳಿದರೆ ನೀವು ತೋಟಕ್ಕೆ ಬಂದಿರೆಂದು ನಮಗೆ ತಿಳಿಯುತ್ತಿತ್ತು. ಆಪರೇಷನ್ ಮಾಡಿದರೆ ಕುಂಟ ಆಗುತ್ತದೆ ಎಂದು ನಾನು ಹೇಳಿದ್ದೆ. ಮಾಡಿಸದೆ ಆಯಿತು. ಅದು ಕಣ್ಣೆದುರಿಗೇ ಆದರೂ ನನ್ನ ಹದಿನೈದು ವರ್ಷದ ತಲೆಗೆ ಎರಡನ್ನೂ ಜೋಡಿಸಿ ನೋಡಲು ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಆಪರೇಷನ್ ಮಾಡಿಸಿದ್ದರೆ ನಿಮ್ಮ ಪಾದ ಉಳಿಯುತ್ತಿತ್ತೆಂದು ಆಣೆ ಹಾಕಿ ಹೇಳಲಾರೆ. ಸೋತ ನರ ಕೆಲವರಿಗೆ ಮರಳುತ್ತದೆ, ಕೆಲವರಿಗೆ ಇಲ್ಲ. ಆದರೆ ನೋವು ಬೇರೆ ಲೆಕ್ಕ, ಶಕ್ತಿ ಬೇರೆ ಲೆಕ್ಕ. ನೋವಷ್ಟೇ ಆದರೆ ಕಾಯಬಹುದು. ಪಾದದ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಕಾಯಬಾರದು. ಇಷ್ಟನ್ನು ನಿಮಗೆ ಯಾರಾದರೂ ನಿಧಾನವಾಗಿ, ನಿಮ್ಮ ಮಾತಿನಲ್ಲಿ ಹೇಳಬೇಕಾಗಿತ್ತು. ಆಮೇಲೆ ಬೇಡ ಎನ್ನುವುದೂ ನಿಮ್ಮದೇ ಆಗಿರುತ್ತಿತ್ತು.

ಚಪ್ಪಲಿ ಎರಡನೆಯ ಸಲ ಕಳಚಿದಾಗಲೇ ಹಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ಮರುದಿನ ನೋಡಿ ಅವರು, ಇನ್ನು ಕಾಯುವುದು ಬೇಡ ಎಂದರು. 1977ರಿಂದ ಈಚೆಗೆ ಇದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಮಾಡುತ್ತಾರೆ, ಸಣ್ಣ ಗಾಯ. ಇಡೀ ಡಿಸ್ಕ್ ತೆಗೆಯುವುದಿಲ್ಲ, ಹೊರಬಂದ ತುಣುಕಷ್ಟೇ. ನಿಮ್ಮ ಕತ್ತಿಯ ಕೆಲಸ ನೆನಪಾಯಿತು. ತೊಗಟೆ ತೆಳುವಾಗಿ ಹೋಗಬೇಕು, ಮರಕ್ಕೆ ತಾಗಬಾರದು. ತಾಗಿದರೆ ಅಲ್ಲಿ ಗಂಟು ಕಟ್ಟಿ ಮತ್ತೆ ಹಾಲು ಬಾರದು ಎಂದು ನನಗೆ ತೋರಿಸಿಕೊಟ್ಟಿದ್ದಿರಿ. ಅಪಾಯಗಳನ್ನೂ ಅವರು ಹೇಳಿದರು. ನರದ ಚೀಲ ಹರಿಯಬಹುದು, ಸೋಂಕಾಗಬಹುದು, ಅದೇ ಜಾಗದಲ್ಲಿ ಮತ್ತೆ ತಿರುಳು ಹೊರಬರಬಹುದು. ಕಾಲುನೋವಿಗಾಗಿ, ಪಾದಕ್ಕಾಗಿ ಮಾಡುವ ಆಪರೇಷನ್ ಇದು, ಸೊಂಟನೋವು ಪೂರ್ತಿ ಹೋಗುತ್ತದೆಂದು ನಂಬಬೇಡಿ ಎಂದರು.

ನಾಳೆ ಬೆಳಿಗ್ಗೆ ಆಪರೇಷನ್. ಇವತ್ತು ಸಂಜೆ ಒಪ್ಪಿಗೆ ಪತ್ರ ಕೊಟ್ಟರು. ಎಡಗಡೆ, ಎಲ್4–ಎಲ್5, 'ಲ್ಯಾಮಿನಾಟಮಿ' ಎಂದಿತ್ತು. ನಿಮ್ಮ ಶಬ್ದದ ತಂಗಿ. ಹಂಚು ಪೂರ್ತಿ ತೆಗೆಯುವುದಲ್ಲ, ಅಂಚಿನಲ್ಲಿ ಒಂದು ಕಿಂಡಿ ಕೊರೆಯುವುದು. ನಾನು ಆ ಕಾಗದವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ, ಕನ್ನಡ ಮಾಡಿಕೊಂಡು ಓದಿದೆ. ನರ್ಸ್ ಬೇರೆ ಮಂಚದ ಕಡೆ ಇದ್ದರು. 'ಈ ಚಿಕಿತ್ಸೆ ಏನೆಂದು ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ್ದಾರೆ. ಬೇರೆ ದಾರಿಗಳೇನಿವೆ ಎಂದು ಹೇಳಿದ್ದಾರೆ. ಏನೂ ಮಾಡದೆ ಬಿಟ್ಟರೆ ಏನಾಗಬಹುದೆಂದೂ ಹೇಳಿದ್ದಾರೆ.'

ಕೆಳಗೆ ಸಹಿಗೆ ಮೂರು ಜಾಗ. ಒಂದು ರೋಗಿಯದು, ಒಂದು ಡಾಕ್ಟರದು. ಮೂರನೆಯದು ಭಾಷಾಂತರ ಮಾಡಿ ಹೇಳಿದವರದು. ನನಗೆ ಇಂಗ್ಲಿಷ್ ಬರುತ್ತದೆಂದು ನರ್ಸ್ ಆ ಜಾಗದ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದರು. ನಿಮ್ಮ ಕಾಗದದಲ್ಲಿ ಅಂಥ ಜಾಗ ಇರಲಿಲ್ಲ ಅಕ್ಕಾ. ಇದ್ದಿದ್ದರೆ ಅಲ್ಲಿ ನನ್ನ ಹೆಸರಿರುತ್ತಿತ್ತು.

ನಿಮ್ಮ
ತಂಬಿ